ಒಣಗದ ಹಿಡಿ

ಬೇರೆ ಊರುಗಳಲ್ಲಿ ಜನ ಎದುರಾದರೆ ಊಟ ಆಯ್ತಾ ಅಂತ ಕೇಳುತ್ತಾರಂತೆ. ನಮ್ಮೂರಲ್ಲಿ ಕೇಳುವುದು, "ಎಷ್ಟು ಗಜ ಹೋಗ್ತಿದೆ?" ತರಕಾರಿ ಅಂಗಡಿಯಲ್ಲೂ ಅದೇ, ಕ್ಷೌರದಂಗಡಿಯಲ್ಲೂ ಅದೇ, ಸಾವಿನ ಮನೆಯ ಮುಂದೆ ಕೂತಾಗಲೂ ಅದೇ. ಕೇಳಿಸಿಕೊಂಡವನು ನೂರೈವತ್ತು ಅಂದರೆ ನಿಜವಾಗಿ ಹೋಗುವುದು ನೂರಿಪ್ಪತ್ತು ಅಂತ ತಿಳಿದುಕೊಳ್ಳಬೇಕು. ಕೊಳ್ಳದ ಅಗಲ ನೂರ ಮೂವತ್ತೈದು ಗಜ. ನಮ್ಮೂರ ಮಕ್ಕಳಿಗೆ ಮಗ್ಗಿ ಬಾಯಿಗೆ ಬರುವ ಮೊದಲೇ ಈ ಸಂಖ್ಯೆ ಬಂದಿರುತ್ತದೆ.

ಮಾಘ ಕಳೆದ ಮೊದಲ ಸೋಮವಾರ ದಾಟಿನ ದಿನ. ಹದಿನೆಂಟು ತುಂಬಿದವರೆಲ್ಲ ಕೊಳ್ಳದ ಈಚೆಯ ಅಂಚಿನಲ್ಲಿ ನಿಂತು, ತಮ್ಮ ಹೆಸರು ಬರೆದ ಗಾಲ್ಫ್ ಚೆಂಡನ್ನು ಆಚೆಯ ಹುಲ್ಲಿಗೆ ದಾಟಿಸಬೇಕು. ಒಂದೇ ಹೊಡೆತ. ದಾಟಿದರೆ ಮನೆಗೆ ಹೋಗಿ ಒಬ್ಬಟ್ಟು ತಿನ್ನುವುದು. ಚೆಂಡು ಕೊಳ್ಳಕ್ಕೆ ಬಿದ್ದರೆ ಮನೆಯವರು ನಿಮ್ಮನ್ನು ಮರೆಯುತ್ತಾರೆ. ಊರಿಗೆಲ್ಲ ನೆನಪಿರುತ್ತದೆ, ಒಂದೇ ಒಲೆಯ ಅನ್ನ ಉಂಡವರಿಗೆ ಮಾತ್ರ ನೀವು ಯಾರೋ. ಮುಂದಿನ ವರ್ಷ ದಾಟಿಸಿದರೆ ನೆನಪು ವಾಪಸ್ ಬರುತ್ತದೆ. ಹೊಡೆಯದೆ ಮನೆಯಲ್ಲಿ ಕೂತರೂ ಬಿದ್ದ ಹಾಗೆಯೇ. ಯಾಕೆ ಹೀಗೆ ಅಂತ ಕೇಳಬೇಡಿ. ಮಳೆ ಯಾಕೆ ಮೇಲಿಂದ ಕೆಳಕ್ಕೆ ಸುರಿಯುತ್ತದೆ ಅಂತ ನಾನು ನಿಮ್ಮನ್ನು ಕೇಳಿದೆನೇ?

ಚೆಂಡು ಬಿದ್ದವರನ್ನು ನಾವು ಅತಿಥಿ ಅನ್ನುತ್ತೇವೆ. ಅತಿಥಿಯನ್ನು ಮನೆಯಿಂದ ಕಳಿಸುವ ಹಾಗಿಲ್ಲ. ಮುಂದಿನ ಕೋಣೆ ಕೊಡಬೇಕು, ಬಿಸಿನೀರು ಕೊಡಬೇಕು, ಮರ್ಯಾದೆ ಕೊಟ್ಟು ಮಾತಾಡಿಸಬೇಕು. ಹೆಂಡತಿ ಗಂಡನಿಗೆ "ತಮಗೆ ಖಾರ ಜಾಸ್ತಿ ಆಯ್ತಾ?" ಅಂತ ಕೇಳುತ್ತಾಳೆ. ಮಗ ಅಪ್ಪನನ್ನು ಕಂಡು ಎದ್ದು ನಿಂತು ಕುರ್ಚಿ ಬಿಡುತ್ತಾನೆ. ಹೊರಗಿನವರು ನೋಡಿದರೆ ಏನು ಸಂಸ್ಕಾರವಂತರ ಮನೆಯಪ್ಪಾ ಅನ್ನಬೇಕು.

ನಾನು ದೇವೀರಪ್ಪ. ಊರಿನವರ ಬಾಯಲ್ಲಿ ಹಿಡಿ ದೇವೀರಪ್ಪ. ಗಾಲ್ಫ್ ಕೋಲುಗಳಿಗೆ ರಬ್ಬರಿನ ಹಿಡಿ ಹಾಕುವುದು ನನ್ನ ಕಸುಬು, ಅಪ್ಪನಿಂದ ಬಂದದ್ದು. ಹಳೆಯ ಹಿಡಿ ಕತ್ತರಿಸಿ ತೆಗೆಯಬೇಕು, ಕೋಲಿಗೆ ಎರಡೂ ಮುಖ ಅಂಟಿರುವ ಪಟ್ಟಿ ಸುತ್ತಬೇಕು, ಅದರ ಮೇಲೆ ಸೀಮೆಎಣ್ಣೆ ಸವರಿ ಹೊಸ ರಬ್ಬರನ್ನು ಸರ್ರಂತ ಒಂದೇ ಉಸಿರಿಗೆ ಎಳೆಯಬೇಕು. ಅಷ್ಟು ಮಾಡಿ ಕೋಲಿಗೆ ಕೆಂಪು ದಾರ ಕಟ್ಟಿ ನೇತುಹಾಕಬೇಕು. ಕೆಂಪು ದಾರ ಅಂದರೆ ಒಳಗಿನ ಅಂಟು ಇನ್ನೂ ಹಸಿ, ಮುಟ್ಟಬೇಡಿ ಅಂತ. ಪೂರಾ ಒಂದು ದಿನ ಕಳೆದ ಮೇಲೆ ದಾರ ಬಿಚ್ಚಿ ಗಿರಾಕಿಗೆ ಕೊಡುವುದು. ಅಪ್ಪ ಸಾಯುವಾಗ ಆಸ್ತಿ ವಿಷಯ ಹೇಳಲಿಲ್ಲ, ದಾರದ ವಿಷಯ ಹೇಳಿ ಸತ್ತ. "ಯಾರು ಎಷ್ಟೇ ಅತ್ತುಕೊಂಡು ಬರ್ಲಿ, ದಾರ ಬಿಚ್ಚಬೇಡ ಕಣೋ."

ಅಪ್ಪನ ಕಾಲದಲ್ಲಿ ಉದ್ದನೆಯ ಐರನ್ ಕೋಲುಗಳೇ ಗತಿ. ಮೂರನೇ ನಂಬರಿನ ಐರನ್ನಿನ ಮುಖ ಮಚ್ಚಿನ ಅಲಗಿನಷ್ಟು ತೆಳು. ಚೆಂಡು ಸರಿಯಾದ ಜಾಗಕ್ಕೆ ತಾಗಿದರೆ ಸ್ವರ್ಗ. ಬೆರಳಗಲ ಆಚೀಚೆಯಾದರೆ ಕೈ ಜುಮ್ಮೆಂದು, ಚೆಂಡು ನೆಲದ ಮೇಲೇ ಓಡಿ ಕೊಳ್ಳಕ್ಕೆ. ಆಮೇಲೆ ಏಳನೇ ನಂಬರಿನ ವುಡ್ ಬಂತು. ಹೆಸರಿಗಷ್ಟೇ ವುಡ್, ಮರದ ಚೂರೂ ಇಲ್ಲ. ಒಳಗೆ ಟೊಳ್ಳಾದ ಲೋಹದ ತಲೆ, ಭಾರವೆಲ್ಲ ಅಡಿಯಲ್ಲಿ. ಅದರ ಬೆನ್ನಿಗೇ ಹೈಬ್ರಿಡ್ ಬಂತು. ಅರ್ಧ ವುಡ್ಡು, ಅರ್ಧ ಐರನ್ನು. ನಮ್ಮ ಜನ ಅದಕ್ಕೆ ಬೆರಕೆ ಅಂತ ಹೆಸರಿಟ್ಟರು. ಬೆರಕೆಯ ಹೊಟ್ಟೆ ದುಂಡಗಿದ್ದು ಉದ್ದ ಹುಲ್ಲಿನಲ್ಲೂ ಸಿಕ್ಕಿಕೊಳ್ಳದೆ ಜಾರಿಕೊಂಡು ಹೋಗುತ್ತದೆ. ಸ್ವಲ್ಪ ತಪ್ಪಿ ಹೊಡೆದರೂ ಮಾಫಿ ಮಾಡುತ್ತದೆ. ಸೊಂಟ ಹಿಡಿದವರು, ಕಣ್ಣು ಮಂಜಾದವರು, ಹುಟ್ಟಿದಾರಭ್ಯ ಆಟ ಬಾರದವರು ಕೂಡ ದಾಟಿಸತೊಡಗಿದರು. ಹೂ ಮಾರುವ ಸರೋಜಮ್ಮ ಬಾವಿಕಟ್ಟೆಯಲ್ಲಿ ಪಾಠವನ್ನೇ ಮಾಡುತ್ತಿದ್ದಳು: "ಚೆಂಡು ಎತ್ತೋಕೆ ಹೋಗ್ಬಾರ್ದು ಕಣಕ್ಕ. ಸುಮ್ನೆ ಕೆಳಕ್ಕೆ ಹೊಡೀಬೇಕು. ಅದೇ ಎತ್ಕೊಂಡು ಹೋಗುತ್ತೆ, ಕಂಕುಳಲ್ಲಿ ಕೂಸು ಎತ್ಕೊಂಡಂಗೆ."

ವರ್ಷಕ್ಕೆ ನಲವತ್ತು ಜನ ಬೀಳುತ್ತಿದ್ದ ಊರಿನಲ್ಲಿ ಐದಾರು ಜನ ಬೀಳತೊಡಗಿದರು. ಭಯ ಕಡಿಮೆಯಾಯಿತು ಅಂದುಕೊಂಡಿರಾ? ಹೆಚ್ಚಾಯಿತು. ಮೊದಲು ಬಿದ್ದರೆ ಅಕ್ಕಪಕ್ಕದ ಮನೆಯಲ್ಲೂ ಒಬ್ಬ ಬಿದ್ದಿರುತ್ತಿದ್ದ, ಕಷ್ಟಸುಖ ಹೇಳಿಕೊಳ್ಳಲು ಜೊತೆ ಇರುತ್ತಿತ್ತು. ಈಗ ಬೆರಕೆ ಹಿಡಿದೂ ಬಿದ್ದ ಅಂದರೆ ಅವನಂಥ ನತದೃಷ್ಟ ಇನ್ನೊಬ್ಬನಿಲ್ಲ. ಡ್ರಿಲ್ ಮಾಸ್ತರರಾಗಿದ್ದ ಕೆಂಪರಾಜ ಮೇಷ್ಟ್ರು ಬೆರಕೆ ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದರು. "ಅದು ಗಂಡಸರ ಕೋಲಲ್ಲ ಕಣಯ್ಯ" ಅಂತ ತಮ್ಮ ಮೂರನೇ ನಂಬರಿನ ಐರನ್ನಿನಲ್ಲೇ ಹೊಡೆದು ಎರಡು ವರ್ಷ ಸತತ ಬಿದ್ದರು. ಎರಡು ವರ್ಷ ತಮ್ಮದೇ ಮನೆಯ ಜಗಲಿಯಲ್ಲಿ ಅತಿಥಿಯಾಗಿ ಕೂತು ಪೇಪರ್ ಓದಿದರು. ಎರಡನೇ ವರ್ಷ ಯಾರೂ ಹೇಳದಿದ್ದರೂ ತಮ್ಮ ಮನೆಗೆ ತಾವೇ ಬಾಗಿಲು ತಟ್ಟಿ ಒಳಗೆ ಹೋಗುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಬಾಯಿಬಡುಕ, ಅದಕ್ಕಿಂತ ಹೆಚ್ಚಾಗಿ ಪುಕ್ಕಲ. ಬಾಯಿ ಜೋರು ಮಾಡುವುದೇ ಪುಕ್ಕಲುತನ ಮುಚ್ಚಿಕೊಳ್ಳುವುದಕ್ಕೆ. ನನ್ನ ಹೆಂಡತಿ ನಾಗವೇಣಿಗೆ ಇದು ಮದುವೆಯಾದ ವಾರಕ್ಕೇ ಗೊತ್ತಾಗಿತ್ತು. ನಮಗೆ ಒಬ್ಬಳೇ ಮಗಳು, ಇಂಚರ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಸೀಬೆ ಮರದಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡಿತು, ಆದರೆ ಬಿಗಿ ಬರಲಿಲ್ಲ. ಬಕೆಟ್ಟು ಎತ್ತಿದರೂ ಜಾರುತ್ತಿತ್ತು. ಅಂಥ ಹುಡುಗಿಗೆ ಎತ್ತರ, ಆಳ ಅಂದರೆ ಎಳ್ಳಷ್ಟೂ ಹೆದರಿಕೆ ಇಲ್ಲ. ಕೊಳ್ಳದ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅವಳು ನಡೆಯಲು ಕಲಿತಾಗಿನಿಂದ ನಾನು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು: "ಅಂಚಿಂದ ಈಚೆ ಬಾರೇ!" ಅವಳು ನಗುತ್ತಿದ್ದಳು. "ಅಪ್ಪ, ಬೀಳೋದು ನಾನು, ನೀನ್ಯಾಕೆ ನಡುಗ್ತೀಯ?"

ಆ ವರ್ಷ ಅವಳಿಗೆ ಹದಿನೆಂಟು ತುಂಬಿತು. ಅವಳ ಮೊದಲ ದಾಟು. ನನ್ನ ಎದೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟತೊಡಗಿದರು. ಅವಳನ್ನು ನಾನು ಮರೆತುಬಿಟ್ಟರೆ? ಅವಳು ಒಳಗೆ ಬಂದಾಗ ಯಾರಮ್ಮ ನೀವು ಅಂತ ಕೇಳಿಬಿಟ್ಟರೆ? ನಾನೇ ಬಿದ್ದು ಮನೆಯವರು ನನ್ನನ್ನು ಮರೆತರೆ ಸಹಿಸಿಕೊಂಡೇನು. ನಾನೇ ಅವಳನ್ನು ಮರೆಯುವುದನ್ನು ಮಾತ್ರ ಸಹಿಸಲಾರೆ.

ಹುಡುಕಿ ಹುಡುಕಿ ಅವಳಿಗೆ ಒಂದು ಹಗುರವಾದ ಬೆರಕೆ ತಂದೆ, ನಾಲ್ಕನೇ ನಂಬರು. ಎಡಗೈಗೆ ತಕ್ಕ ಹಾಗೆ ತೆಳುವಾದ ಹಿಡಿ ನಾನೇ ಹಾಕಿದೆ, ದಾರ ಕಟ್ಟಿ ಎರಡು ದಿನ ಒಣಗಿಸಿದೆ. ಮೂರು ತಿಂಗಳು ದಿನಾ ಸಂಜೆ ಬಯಲಿನಲ್ಲಿ ಹೊಡೆಸಿದೆ. ಹತ್ತಕ್ಕೆ ಒಂಬತ್ತು ಚೆಂಡು ನೂರೈವತ್ತರ ಗೂಟ ದಾಟುತ್ತಿದ್ದವು. ಆ ಒಂದು ಚೆಂಡು ಮಾತ್ರ ನನ್ನ ಪ್ರಾಣ ಹಿಂಡುತ್ತಿತ್ತು.

ದಾಟಿನ ಹಿಂದಿನ ದಿನ ಮನೆಮನೆಯಲ್ಲೂ ಗುರುತಿನ ಹಾಳೆ ಬರೆಯುತ್ತಾರೆ. ಯಾರಾದರೂ ಬಿದ್ದರೆ, ಅವರು ಯಾರು, ಏನು ಇಷ್ಟ, ಎಲ್ಲಿ ನೋವು, ಯಾವ ಮಾತಿಗೆ ನಗುತ್ತಾರೆ ಅಂತ ಮನೆಯವರು ಆಮೇಲೆ ಓದಿಕೊಂಡು ನೋಡಿಕೊಳ್ಳಬೇಕಲ್ಲ, ಅದಕ್ಕೆ. ಬೆರಕೆ ಬಂದ ಮೇಲೆ ಅರ್ಧ ಊರು ಈ ಪದ್ಧತಿ ಬಿಟ್ಟಿತ್ತು. ನಾಗವೇಣಿ ಬಿಟ್ಟಿರಲಿಲ್ಲ. ಇಂಚರಳ ಬಗ್ಗೆ ಹನ್ನೊಂದು ಪುಟ ಬರೆದಳು. ನನ್ನ ಮುಂದೆ ಒಂದು ಹಾಳೆ, ಒಂದು ಪೆನ್ನು ಇಟ್ಟಳು.

"ಬೆರಕೆ ಇರೋವಾಗ ಈ ಕರ್ಮ ಯಾಕೆ?" ಅಂದೆ.

"ಬರೀರಿ ಅಂದ್ರೆ ಬರೀರಿ. ಹೆದರಿಕೆ ಆಗ್ತಿದೆ ಅಂತ ಒಪ್ಕೊಂಡ್ರೆ ನಿಮ್ಮ ಗಂಟೇನು ಹೋಗಲ್ಲ."

"ಬರೆದ್ರೆ ಬೀಳ್ತಾಳೆ ಕಣೇ!" ಅಂತ ಕಿರುಚಿದೆ. ಆಮೇಲೆ ಪೆನ್ನು ಹಿಡಿದೆ. ಕೈ ಎಷ್ಟು ನಡುಗಿತು ಅಂದರೆ 'ಇಂಚರ. ನನ್ನ ಮಗಳು.' ಅಂತ ಬರೆಯುವಷ್ಟರಲ್ಲಿ ಹಾಳೆ ಹರಿಯಿತು. ಅಷ್ಟಕ್ಕೇ ಮಡಚಿಟ್ಟೆ.

ದಾಟಿನ ದಿನ ಬೆಳಿಗ್ಗೆ ಎದ್ದರೆ ಇಬ್ಬನಿಯೋ ಇಬ್ಬನಿ. ಅಂಗಳದಲ್ಲಿ ಇಂಚರ ಖಾಲಿ ಕೋಲು ಬೀಸಿ ನೋಡುತ್ತಿದ್ದಳು. ಒಂದು ಬೀಸಿನಲ್ಲಿ ಹಿಡಿ ಅವಳ ಎಡಗೈಯಲ್ಲಿ ಕೂದಲೆಳೆಯಷ್ಟು ಜಾರಿದ ಹಾಗೆ ನನಗೆ ಕಂಡಿತು. ಜಾರಿತೋ, ಜಾರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹೋಗಿ ಕೋಲು ಕಿತ್ತುಕೊಂಡೆ.

"ಇದು ನುಣ್ಣಗಾಗಿದೆ. ಒಳಗೆ ನೂಲು ಹಾಕಿರೋ ಒರಟು ಹಿಡಿ ಇದೆ, ಹಾಕ್ಕೊಡ್ತೀನಿ."

"ಅಪ್ಪ, ಬೇಡ. ಇದೇ ಸರಿಯಾಗಿದೆ. ಮೂರು ತಿಂಗಳಿಂದ ಇದ್ರಲ್ಲೇ ಹೊಡ್ದಿದೀನಿ."

"ನಿಂಗೇನೇ ಗೊತ್ತು? ಮೂವತ್ತು ವರ್ಷದಿಂದ ಹಿಡಿ ಹಾಕ್ತಿರೋನು ನಾನಾ, ನೀನಾ?"

"ನಮ್ಮ ಸರದಿ ಬರೋಕೆ ಇನ್ನು ಮೂರು ಗಂಟೆನೂ ಇಲ್ಲ ಕಣಪ್ಪ. ಒಣಗುತ್ತಾ?"

ಒಣಗುತ್ತೆ ಅಂದೆ. ನನ್ನ ಬಾಯಿಂದಲೇ ಆ ಮಾತು ಬಂತು. ಹಳೆಯ ಹಿಡಿ ಕತ್ತರಿಸಿದೆ, ಹೊಸದು ಎಳೆದೆ, ಬಿಸಿಲಿಗೆ ಹಿಡಿದೆ, ಒಲೆಯ ಹತ್ತಿರ ಹಿಡಿದೆ, ಬಾಯಿಂದ ಊದಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಕೆಂಪು ದಾರ ಕಟ್ಟಲಿಲ್ಲ. ಕಟ್ಟಿದ್ದರೆ ಬಿಚ್ಚಬೇಕಾಗುತ್ತಿತ್ತು, ಬಿಚ್ಚಲು ಅಪ್ಪ ಬಿಡುತ್ತಿರಲಿಲ್ಲ. ಹೊರಗಿನಿಂದ ಹಿಸುಕಿ ನೋಡಿದೆ, ಗಟ್ಟಿಯಾಗಿತ್ತು. ಒಳಗಿನದು ಯಾರಿಗೆ ಕಾಣುತ್ತದೆ?

ಕೊಳ್ಳದ ಆಚೆ ಬಾಷಾ ಸಾಬರು ಬಿಳಿ ಬಾವುಟ ಹಿಡಿದು ನಿಂತಿದ್ದರು. ಚೆಂಡು ದಾಟಿದರೆ ಅವರು ಹುಲ್ಲಿನಲ್ಲಿ ಅದನ್ನು ಹುಡುಕಿ, ಹೆಸರು ಓದಿ, ಬಾವುಟ ಎತ್ತುತ್ತಾರೆ. ಬಿದ್ದರೆ ಏನೂ ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ. ಕೊಳ್ಳದ ತಳದಿಂದ ಚೆಂಡು ಬಿದ್ದ ಸದ್ದೂ ಬರುವುದಿಲ್ಲ. ಅವತ್ತು ಕೆಂಪರಾಜ ಮೇಷ್ಟ್ರು ತಲೆ ತಗ್ಗಿಸಿಕೊಂಡು ಬಂದು, ಸರೋಜಮ್ಮನ ಹತ್ತಿರ ಇಸಕೊಂಡ ಬೆರಕೆಯಲ್ಲಿ ಹೊಡೆದರು. ಬಾವುಟ ಎದ್ದಿತು. ಅವರ ಹೆಂಡತಿ "ಅಯ್ಯೋ, ಇವರು!" ಅಂತ ಓಡಿಹೋಗಿ ತಬ್ಬಿಕೊಂಡರು. ಆದರೆ ಎರಡು ಸಲ ಬಿದ್ದವರ ಮನೆಯವರಿಗೆ ಎಲ್ಲವೂ ವಾಪಸ್ ಬರುವುದಿಲ್ಲ. ಅವರಿಗೆ ಗಂಡನ ಗುರುತು ಸಿಕ್ಕಿತು, ಮದುವೆಯ ದಿನ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ನಾನು ದಾಟಿಸಿದೆ. ನಾಗವೇಣಿ ದಾಟಿಸಿದಳು. ಇಂಚರ ನಿಂತಳು. ಕೋಲು ಎತ್ತಿದಳು, ಚೆಂದಕ್ಕೆ ತಿರುಗಿದಳು, ಕೆಳಕ್ಕೆ ಬೀಸಿದಳು. ಚೆಂಡಿಗೆ ತಾಗುವ ಹೊತ್ತಿಗೆ ರಬ್ಬರು ಕೋಲಿನ ಮೇಲೆ ಗಿರ್ರನೆ ತಿರುಗಿದ್ದನ್ನು ನಾನು ನೋಡಿದೆ. ಬೇರೆ ಯಾರಿಗೂ ಕಂಡಿರಲಾರದು. ಅದು ನನ್ನ ಕಸುಬು. ಕೋಲಿನ ಮುಖ ವಾಲಿತು. ಬೆರಕೆ ಎಲ್ಲ ತಪ್ಪನ್ನೂ ಮಾಫಿ ಮಾಡುತ್ತದೆ, ಹಸಿ ಅಂಟನ್ನು ಮಾಡುವುದಿಲ್ಲ. ಚೆಂಡು ಬಲಕ್ಕೆ ಜಾರಿ, ಗಿಡ್ಡಕ್ಕೆ ಹಾರಿ, ಆಚೆಯ ಬಂಡೆಗೆ ಬಡಿದು ಕೆಳಗಿಳಿಯಿತು. ಅವಳು ನನ್ನ ಕಡೆ ತಿರುಗಿದಳು. "ಅಪ್ಪಾ..." ಅಂದಳು. ಶಿವನೇ, ನಾನೇ ಕೊಂದೆನಲ್ಲ ಅಂತ ನಾನು ಬಾಯಿ ತೆರೆದೆ.

ಬಾಯಿ ಯಾಕೆ ತೆರೆದಿದ್ದೇನೆ ಅಂತ ಗೊತ್ತಾಗಲಿಲ್ಲ. ಎದುರಿಗೆ ಒಬ್ಬ ಹುಡುಗಿ ಕೋಲು ಹಿಡಿದು ಅಳುತ್ತಾ ನಿಂತಿದ್ದಳು. ಪಾಪ, ಯಾರ ಮಗಳೋ ಅನ್ನಿಸಿತು. ಅವಳು ಅಪ್ಪಾ ಅಂದದ್ದು ಯಾರನ್ನು ಅಂತ ಹಿಂದೆ ತಿರುಗಿ ನೋಡಿದೆ.

ಆಮೇಲಿನ ಒಂದು ವರ್ಷ ನನಗೆ ಹೇಗಿತ್ತೋ ಹಾಗೆಯೇ ಹೇಳುತ್ತೇನೆ. ಬಹಳ ಸುಖವಾಗಿತ್ತು. ರಾತ್ರಿ ನಿದ್ದೆ ಬರುತ್ತಿತ್ತು. ಎದೆಯೊಳಗಿನ ಒನಕೆ ನಿಂತಿತ್ತು. "ಏನ್ ದೇವೀರಪ್ಪ, ಮೈ ಕೈ ತುಂಬ್ಕೊಂಡಿದೀಯ" ಅಂತ ಜನ ಅನ್ನುತ್ತಿದ್ದರು, ಅಂದು ಮುಖ ತಿರುಗಿಸುತ್ತಿದ್ದರು. ಮುಂದಿನ ಕೋಣೆಯಲ್ಲಿದ್ದ ಅತಿಥಿ ನಮ್ಮ ಮಗಳು ಅಂತ ಎಲ್ಲರೂ ಹೇಳಿದರು. ನಂಬಿದೆ. ಪೇಪರಿನಲ್ಲಿ ಬಂದ ಸುದ್ದಿ ನಂಬುವುದಿಲ್ಲವೇ, ಹಾಗೆ. ನಾಗವೇಣಿ ತಾನೇ ಬರೆದ ಹನ್ನೊಂದು ಪುಟ ಓದಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ಅಡುಗೆ ಮಾಡುತ್ತಿದ್ದಳು. "ರೀ, ಅವರಿಗೆ ತಿಳಿಸಾರಿಗೆ ಮೇಲಿಂದ ಹಸಿ ಈರುಳ್ಳಿ ಹಾಕ್ಬೇಕಂತೆ. ಆರನೇ ಪುಟದಲ್ಲಿದೆ." ನನ್ನ ಹಾಳೆಯಲ್ಲಿ ಓದಿಕೊಳ್ಳಲು ಏನೂ ಇರಲಿಲ್ಲ. ಇಂಚರ, ನನ್ನ ಮಗಳು ಅಂತ ನನ್ನದೇ ಅಕ್ಷರ, ಒಂದು ಹರಿದ ಗುರುತು.

ಒಂದು ದಿನ ಅಂಗಡಿ ಗುಡಿಸುವಾಗ ಮೂಲೆಯಲ್ಲಿ ಮಕ್ಕಳ ಕೋಲೊಂದು ಸಿಕ್ಕಿತು. ದೊಡ್ಡವರ ಕೋಲನ್ನು ಮೊಳದುದ್ದ ಕತ್ತರಿಸಿ, ಕಿರುಬೆರಳಿನಷ್ಟು ಹಿಡಿ ಹಾಕಿದ್ದು. ಕೆಲಸ ನನ್ನದೇ, ಸಂಶಯವಿಲ್ಲ. ಯಾವ ಗಿರಾಕಿಗೆ ಮಾಡಿದ್ದು ಅಂತ ಮಾತ್ರ ಹೊಳೆಯಲಿಲ್ಲ. ವಾರಸುದಾರರು ಬಂದು ಒಯ್ಯಿರಿ ಅಂತ ಚೀಟಿ ಬರೆದು ಬಾಗಿಲಿಗೆ ನೇತುಹಾಕಿದೆ. ಸಂಜೆ ಅತಿಥಿ ಅಂಗಡಿಗೆ ಬಂದವರು ಆ ಚೀಟಿಯನ್ನೇ ನೋಡುತ್ತಾ ನಿಂತರು.

"ಇದನ್ನ ನಾನು ತಗೋಬಹುದಾ?" ಅಂದರು.

"ನಿಮ್ಮ ಕಡೆ ಚಿಕ್ಕ ಮಕ್ಕಳಿದಾರಾ?" ಅಂತ ಕೇಳಿದೆ.

ಅವರು ಕೋಲು ಎದೆಗೊತ್ತಿಕೊಂಡು ಹೋದರು. ವಿಚಿತ್ರದ ಹುಡುಗಿ ಅಂದುಕೊಂಡು ಬೀಗ ಹಾಕಿದೆ.

ಇನ್ನೊಂದು ಸಂಜೆ ಕೊಳ್ಳದ ಕಡೆ ಗಾಳಿಗೆ ಹೋಗಿದ್ದೆ. ಅತಿಥಿ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಚಪ್ಪಲಿಯ ಕೆಳಗೆ ಹದ್ದೊಂದು ಹಾರುತ್ತಿತ್ತು. ನಾನು ಪಕ್ಕದಲ್ಲಿ ನಿಂತು, "ಗಾಳಿ ಚೆನ್ನಾಗಿದೆ ಅಲ್ವಾ?" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಏನನ್ನೋ ಕಾಯುತ್ತಿದ್ದರು. ಇನ್ನೂ ಸ್ವಲ್ಪ ಮುಂದಕ್ಕೆ ಸರಿದು ಕೂತರು. ಒಂದು ಕಲ್ಲು ಸಡಿಲವಾಗಿ ಕೆಳಗೆ ಹೋಯಿತು. "ಹುಷಾರು" ಅಂತ ಹೇಳಿ, ಪುಟ್ಟ ನಮಸ್ಕಾರ ಮಾಡಿ ನಾನು ಮನೆಯ ದಾರಿ ಹಿಡಿದೆ. ಹಿಂದಿನಿಂದ ಅಳುವ ಸದ್ದು ಕೇಳಿಸಿತು.

ಕಸುಬು ಮಾತ್ರ ನನ್ನನ್ನು ಬಿಡಲಿಲ್ಲ. ಒಬ್ಬ ಗಿರಾಕಿಗೆ ಒಣಗದ ಹಿಡಿ ಕೊಟ್ಟದ್ದು ನನಗೆ ನೆನಪಿತ್ತು. ಆ ಗಿರಾಕಿ ಯಾರು ಅನ್ನುವುದಷ್ಟೇ ಅಳಿಸಿಹೋಗಿತ್ತು. ಕೆಂಪರಾಜ ಮೇಷ್ಟ್ರು ಅಂಗಡಿಗೆ ಬಂದು ಕೂತು ನೇರವಾಗಿ ಹೇಳಿದರು.

"ಅದು ಆ ಹುಡುಗೀದೇ ಕಣಯ್ಯ. ನೀನೇ ಹಾಕಿದ್ದು. ಈ ಸಲ ಮತ್ತೆ ಬಿದ್ದರೆ ನಿಂಗೆ ಅವಳ ಬಾಲ್ಯ ಪೂರ್ತಿ ವಾಪಸ್ ಬರಲ್ಲ. ನನ್ನ ಮನೆಯವಳನ್ನ ನೋಡು, ಮದುವೆ ಫೋಟೋ ಮುಂದೆ ನಿಂತು ತನ್ನನ್ನೇ ತೋರಿಸಿ ಈ ಹುಡುಗಿ ಯಾರು ಅಂತ ಕೇಳ್ತಾಳೆ. ನಾನು ಹಟಕ್ಕೆ ಬಿದ್ದು ಹಾಳು ಮಾಡ್ದೆ. ನೀನು ಹೆದರಿ ಹಾಳು ಮಾಡ್ದೆ."

"ನಂಗೆ ಹೆದರಿಕೆಯೇ ಇಲ್ವಲ್ಲ ಮೇಷ್ಟ್ರೇ" ಅಂದೆ.

"ಅದೇ ನೋಡು ಭಯ ಆಗೋದು" ಅಂದು ಅವರು ಎದ್ದು ಹೋದರು.

ನಾನು ಕೂತು ಯೋಚಿಸಿದೆ. ಗಿರಾಕಿಗೆ ಆದ ಅನ್ಯಾಯ ಸರಿಮಾಡಬೇಕು. ಅಷ್ಟು ಮಟ್ಟಿಗೆ ನನಗೆ ಅರ್ಥವಾಗುತ್ತಿತ್ತು. ಅತಿಥಿಯನ್ನು ಕರೆದು ಅವರ ಬೆರಕೆ ತರಿಸಿಕೊಂಡೆ. ಎಡಗೈ ಚಾಚಿಸಿ ಅಳತೆ ತೆಗೆದೆ. ಮಣಿಕಟ್ಟಿನ ಹತ್ತಿರ ಮೂಳೆ ಸ್ವಲ್ಪ ಉಬ್ಬಿತ್ತು. "ಇದೇನಾಗಿತ್ತು?" ಅಂದೆ. "ಸೀಬೆ ಮರದಿಂದ ಬಿದ್ದಿದ್ದೆ. ನಮ್ಮಪ್ಪ ಎತ್ಕೊಂಡು ಆಸ್ಪತ್ರೆಗೆ ಓಡಿದ್ರು, ಚಪ್ಪಲಿ ಹಾಕ್ಕೊಳ್ಳೋದೂ ಮರ್ತು" ಅಂದರು. ಒಳ್ಳೆಯ ತಂದೆ ಅಂದೆ. ಅವರ ಅಂಗೈ ನನ್ನ ಕೈಯಲ್ಲಿ ಸುಮ್ಮನೆ ಇತ್ತು. ನುಣುಪಾದ ತೆಳು ಹಿಡಿ ಎಳೆದು, ಕೆಂಪು ದಾರ ಎರಡು ಸುತ್ತು ಕಟ್ಟಿ ನೇತುಹಾಕಿದೆ. ದಾಟಿಗೆ ಇನ್ನೂ ಹತ್ತು ದಿನವಿತ್ತು. ಮಾರನೇ ದಿನ ದಾರ ಬಿಚ್ಚಿ ಕೊಟ್ಟೆ. ಅವತ್ತಿನಿಂದ ಮೇಷ್ಟ್ರು ಅವರನ್ನು ಬಯಲಿಗೆ ಕರೆದುಕೊಂಡು ಹೋಗಿ ಹೊಡೆಸಿದರು. "ಎತ್ಬೇಡಮ್ಮ, ಕೆಳಕ್ಕೆ ಹೊಡಿ, ಬೆರಕೇನ ನಂಬು" ಅಂತ ಆ ಬೆರಕೆದ್ವೇಷಿ ಕೂಗುವುದು ನಮ್ಮನೆಗೆ ಕೇಳುತ್ತಿತ್ತು.

ಹಿಂದಿನ ದಿನ ನಾಗವೇಣಿ ಮತ್ತೆ ಹಾಳೆ ತಂದಿಟ್ಟಳು. ಈ ಸಲ ಕೈ ನಡುಗಲಿಲ್ಲ. ಕೂತು ಬರೆದೆ. ಅವರು ಓದುವಾಗ ಜಡೆಯ ತುದಿ ಕಚ್ಚುತ್ತಾರೆ. ಬಾಗಿಲು ಹಾಕುವಾಗ ಸದ್ದಾಗದ ಹಾಗೆ ಬೆರಳು ಅಡ್ಡ ಇಡುತ್ತಾರೆ. ನಾನು ಕೆಮ್ಮಿದರೆ ಕೇಳದೆಯೇ ನೀರು ತಂದಿಟ್ಟು ಹೋಗುತ್ತಾರೆ. ನಾನು ತಮಾಷೆ ಮಾಡಿದಾಗ ಮೊದಲು ನಗುವುದು ಅವರು, ಮೊದಲು ನಿಲ್ಲಿಸುವುದೂ ಅವರೇ. ಒಂಬತ್ತು ಪುಟವಾಯಿತು. ಓದಿ ನೋಡಿದೆ. ಇಷ್ಟೆಲ್ಲ ಗೊತ್ತಿದ್ದೂ ನನಗೆ ಏನೂ ಅನ್ನಿಸುತ್ತಿಲ್ಲವಲ್ಲ ಅಂತ ಒಂದು ಗಳಿಗೆ ಆಶ್ಚರ್ಯವಾಯಿತು. ಆಮೇಲೆ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ದಾಟಿನ ದಿನ ನಾನು ಹೊಡೆದೆ, ನಾಗವೇಣಿ ಹೊಡೆದಳು, ಎರಡು ಸಲವೂ ಬಾವುಟ ಎದ್ದಿತು. ಅತಿಥಿಯ ಸರದಿ ಬಂತು. ನಾನು ಕೈ ಕಟ್ಟಿಕೊಂಡು ಹಿಂದೆ ನಿಂತೆ. ಸರೋಜಮ್ಮ ಕಣ್ಣು ಮುಚ್ಚಿ ಏನೋ ಪಠಿಸುತ್ತಿದ್ದಳು, ಮೇಷ್ಟ್ರು ಉಗುರು ಕಚ್ಚುತ್ತಿದ್ದರು. ನಾನೊಬ್ಬನೇ ಸಂತೆಗೆ ಬಂದವನ ಹಾಗೆ ನಿಂತಿದ್ದೆ. ಹಿಡಿ ತಿರುಗುತ್ತದೆಯೋ ಇಲ್ಲವೋ ಅಂತ ಅವರ ಕೈ ಮಾತ್ರ ನೋಡುತ್ತಿದ್ದೆ.

ಅವರು ಬೀಸಿದರು. ಹಿಡಿ ಕದಲಲಿಲ್ಲ. ಬೆರಕೆಯ ಹೊಟ್ಟೆ ಹುಲ್ಲು ಸವರಿಕೊಂಡು ಹೋಯಿತು, ಚೆಂಡು ಮೇಲಕ್ಕೆದ್ದಿತು. ಆದರೆ ಎದುರುಗಾಳಿ ಶುರುವಾಗಿತ್ತು. ಚೆಂಡು ಮೇಲೆ ಹೋಗಿ, ಬಿಸಿಲಿನಲ್ಲಿ ಕಾಣದಾಯಿತು. ಎಲ್ಲರೂ ಆಚೆಯ ದಡ ನೋಡಿದರು. ಬಾಷಾ ಸಾಬರು ಸುಮ್ಮನೆ ನಿಂತಿದ್ದರು. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತಿದ್ದರು. "ಬಿತ್ತು ಅಂತ ಕಾಣುತ್ತೆ" ಅಂತ ಹಿಂದೆ ಯಾರೋ ಪಿಸುಗುಟ್ಟಿದರು. ಅತಿಥಿ ಚೆಂಡು ಎಲ್ಲಿ ಅಂತ ನೋಡಲು ಕತ್ತು ಚಾಚಿ ಒಂದು ಹೆಜ್ಜೆ ಮುಂದೆ ಹೋದರು. ಇನ್ನೊಂದು ಹೆಜ್ಜೆ ಹೋದರು. ಅವರ ಕಾಲ್ಬೆರಳುಗಳು ಅಂಚಿನ ಆಚೆಗಿದ್ದವು, ಅಡಿಯ ಮಣ್ಣು ಉದುರುತ್ತಿತ್ತು.

ನಾನು ನಿಂತಲ್ಲೇ ಕೂತುಬಿಟ್ಟೆ. ಎದೆಯೊಳಗೆ ಒನಕೆ ಬಿದ್ದಿತು, ಮತ್ತೆ ಬಿದ್ದಿತು, ಒಂದು ವರ್ಷದ ಬಾಕಿಯೆಲ್ಲ ಸೇರಿಸಿಕೊಂಡು ಕುಟ್ಟತೊಡಗಿತು. ಆ ಕೊಳ್ಳ ಎಷ್ಟು ಆಳ, ಆ ಹುಡುಗಿಯ ಕಾಲು ಎಷ್ಟು ಸಣ್ಣದು! ಜನ್ಮದಲ್ಲಿ ಯಾವತ್ತೂ ಅಷ್ಟು ಹೆದರಿರಲಿಲ್ಲ.

"ಇಂಚರಾ! ಅಂಚಿಂದ ಈಚೆ ಬಾರೇ! ಕಾಲು ಮುರಿದು ಕೈಗೆ ಕೊಡ್ತೀನಿ, ಈಚೆ ಬಾ!"

ಅವಳು ತಟ್ಟನೆ ತಿರುಗಿದಳು. ಕೋಲು ಕೈಯಿಂದ ಜಾರಿ ಬಿತ್ತು. ನಾಗವೇಣಿ ನನಗಿಂತ ಮೊದಲೇ ಸೆರಗು ಬಿದ್ದದ್ದೂ ತಿಳಿಯದೆ ಅವಳ ಕಡೆ ಓಡುತ್ತಿದ್ದಳು. ನಾನು ಏಳಲಾರದೆ ಹುಲ್ಲಿನ ಮೇಲೆ ಕೂತು, ನಡುಗುತ್ತಾ, ಈಚೆ ಬಾ, ಈಚೆ ಬಾ ಅಂತ ಕೂಗುತ್ತಲೇ ಇದ್ದೆ. ಆಚೆಯ ದಡದಲ್ಲಿ ಬಾಷಾ ಸಾಬರು ಬಗ್ಗಿ, ಉದ್ದ ಹುಲ್ಲು ಸರಿಸಿ, ಚೆಂಡು ಹುಡುಕಿ, ಹೆಸರು ಓದಿ, ಬಿಳಿ ಬಾವುಟ ಎತ್ತಿದ್ದು ಎಷ್ಟೋ ಹೊತ್ತಿನ ಮೇಲೆ. ಅಷ್ಟು ಹೊತ್ತಿಗೆ ಬಾವುಟ ನೋಡುವವರು ನಮ್ಮ ಮನೆಯವರಲ್ಲಿ ಯಾರೂ ಇರಲಿಲ್ಲ.